ಶುಕ್ರವಾರದ ಗೆರೆ

ಕರ್ರ್, ಕರ್ರ್, ಟಕ್. ಕಾಗದದ ಮೇಲೆ ಲೋಹದ ನಿಬ್ಬು ಎಳೆದುಕೊಂಡು ಹೋಗಿ, ಅಂಚು ಮುಟ್ಟಿ, ಹಿಂದಕ್ಕೆ ಬೀಳುವ ಸದ್ದು. ಎಪ್ಪತ್ತರ ದಶಕದ ಕೊನೆಯ ಒಂದು ಜೂನ್ ಮಧ್ಯಾಹ್ನ, ಕೊಡಿಗೇನಹಳ್ಳಿಯಿಂದ ಎರಡು ಮೈಲಿ ಆಚೆ, ಬಂಡೆಗಳ ನಡುವಿನ ತಗ್ಗಿನಲ್ಲಿದ್ದ ಶೀಟಿನ ಶೆಡ್ಡಿನೊಳಗೆ ಕಾಲಿಟ್ಟಾಗ ನನ್ನನ್ನು ಎದುರುಗೊಂಡದ್ದು ಇದೊಂದೇ. ಒಳಗೆ ಮನುಷ್ಯರಾರೂ ಇರಲಿಲ್ಲ. ಹೊರಗೆ ತಂತಿಬಲೆಯ ದೊಡ್ಡ ಬಾಣಲೆಯಂಥದ್ದೊಂದು ಆಕಾಶಕ್ಕೆ ಬಾಯಿ ತೆರೆದು ಕೂತಿತ್ತು. ಅದರ ನೆರಳಿನಲ್ಲಿ ಹತ್ತಿಪ್ಪತ್ತು ಕುರಿಗಳು ತಲೆಗೆ ತಲೆ ಕೊಟ್ಟು ನಿಂತಿದ್ದವು. ಮೇಜಿನ ಮೇಲೆ ಪೆನ್ನು ತನ್ನಷ್ಟಕ್ಕೆ ತಾನೇ ಬರೆಯುತ್ತಿತ್ತು. ನಾನು ಹೋಲ್ಡಾಲ್ ಕೆಳಗಿಡದೆಯೇ, ಕಾನ್ವೆಂಟಿನಲ್ಲಿ ಕಲಿಸಿದಂತೆ, "ಮೇ ಐ ಕಮ್ ಇನ್?" ಎಂದು ಖಾಲಿ ಶೆಡ್ಡನ್ನು ಕೇಳಿದೆ.

ಬೆಂಗಳೂರಿನಿಂದ ನೂರು ಕಿಲೋಮೀಟರ್ ಹೋಗಿದ್ದನ್ನು ವಲಸೆ ಅನ್ನಬಹುದೇ ಎಂದು ನೀವು ಕೇಳಬಹುದು. ನನ್ನ ಕ್ಲಾಸ್‌ಮೇಟುಗಳು ಲಂಡನ್ನಿಗೂ ಟೊರಾಂಟೋಗೂ ಹೋಗಿ ಹಿಮದ ಬಗ್ಗೆ ಏರೋಗ್ರಾಮ್ ಬರೆದರು. ಅಲ್ಲಿ ಅವರ ಇಂಗ್ಲಿಷಾದರೂ ನಡೆಯುತ್ತಿತ್ತು. ನಾನು ಮಧುಗಿರಿ ತಾಲ್ಲೂಕಿಗೆ ಹೋಗಿ ನಾಲಗೆ, ಹಸಿವು, ಹೆಸರು ಮೂರನ್ನೂ ಕಳೆದುಕೊಂಡೆ. ಏಳು ವರ್ಷ ಅಲ್ಲಿ 'ಮೇಡಮ್ಮ' ಆಗಿದ್ದೆ, ಅಷ್ಟೇ. ಆ ಏಳು ವರ್ಷವೂ ಈಗ ನನಗೆ ಒಂದೇ ಪ್ರಶ್ನೆಯಾಗಿ ಉಳಿದಿದೆ. ಕಾಗದದ ಮೇಲೆ ಕಂಡ ಒಂದು ಗೆರೆ ಆಕಾಶದ್ದೋ, ಬಸ್ ಸ್ಟಾಪಿನ ಪಕ್ಕದ ರೇಡಿಯೋ ರಿಪೇರಿ ಅಂಗಡಿಯದ್ದೋ? ಉತ್ತರ ಹೇಳಬೇಕಾದವಳು ನಾನು. ನೀಟಾಗಿ, ಒಳ್ಳೆಯ ಇಂಗ್ಲಿಷಿನಲ್ಲಿ, ತಪ್ಪು ಉತ್ತರ ಹೇಳಿದೆ.

ಕಂಟೋನ್ಮೆಂಟಿನ ನಮ್ಮ ಶಾಲೆಯಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕತ್ತಿಗೆ ಮರದ ಬಿಲ್ಲೆ ಕಟ್ಟುತ್ತಿದ್ದರು. ಇನ್ನೊಬ್ಬಳು ಸಿಕ್ಕಿಬೀಳುವವರೆಗೆ ಅದನ್ನು ಹೊರಬೇಕು. ನಾನು ಒಮ್ಮೆಯೂ ಹೊರಲಿಲ್ಲ. ಸಿಸ್ಟರುಗಳು ಮೆಚ್ಚಿದ್ದು ಎರಡಕ್ಕೆ: ನನ್ನ ಫಿಸಿಕ್ಸಿಗೆ ಮತ್ತು ನನ್ನ ಹ್ಯಾಂಡ್‌ರೈಟಿಂಗಿಗೆ. ಕೊಡಿಗೇನಹಳ್ಳಿಯಲ್ಲಿ ಮೊದಲನೆಯದು ಯಾರಿಗೂ ಬೇಕಿರಲಿಲ್ಲ. ಎರಡನೆಯದು ಒಬ್ಬರಿಗೆ ಬೇಕಾಯಿತು. ಅವರ ವಿಷಯಕ್ಕೆ ಬರುತ್ತೇನೆ.

ಮೊದಲು ಮನೆ. ಗೌರಮ್ಮ ಎಂಬ ಕುರಿ ಸಾಕುವ ಮನೆತನದ ವಿಧವೆ ತನ್ನ ಮುಂದಿನ ಕೋಣೆ ಕೊಟ್ಟಳು. ಕಿಟಕಿಯಿಲ್ಲ, ಒಂದು ಗವಾಕ್ಷಿ, ಕಲ್ಲಿನ ಚಪ್ಪಡಿಯ ಸೂರು. ಬೆಂಗಳೂರಿನಲ್ಲಿ ಬಾಗಿಲು ತಟ್ಟಿ ಬರುತ್ತಾರೆ. ಇಲ್ಲಿ ಬಂದು ಕೂತ ಮೇಲೆ ಕೆಮ್ಮುತ್ತಾರೆ. ಮೊದಲ ದಿನವೇ ತಟ್ಟೆಯಲ್ಲಿ ಚೆಂಡಿನಷ್ಟು ರಾಗಿಮುದ್ದೆ, ಹುರುಳಿಸಾರು. ನಾನು ಸ್ಪೂನಿನಲ್ಲಿ ಕತ್ತರಿಸಿ ಅಗಿಯತೊಡಗಿದೆ. ಗೌರಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಅಗಿಬ್ಯಾಡ ಕಣಮ್ಮ, ಅದೇನ್ ಕಡ್ಲೆಕಾಯಾ? ಮುರ್ಕೊಂಡು ನುಂಗು."

"ಗಂಟಲಲ್ಲಿ ಸಿಕ್ಕಿಕೊಂಡರೆ?"

"ಸಿಕ್ಕೊಂಡ್ರೆ ಸಾರೈತೆ. ಅದ್ಕೂ ಜಗ್ಗದಿದ್ರೆ ನಾನಿವ್ನಿ, ಬೆನ್ನಿಗೆ ಗುದ್ದಕೆ."

ನುಂಗಲು ಕಲಿಯಲು ಮೂರು ತಿಂಗಳು ಹಿಡಿಯಿತು. ಫ್ರಾಂಕ್ಲಿ, ಡಿಗ್ರಿ ಬಂದ ದಿನ ಅಷ್ಟು ಹೆಮ್ಮೆ ಆಗಿರಲಿಲ್ಲ.

ಒಂದು ದಿನ ಗೌರಮ್ಮ ನನ್ನ ಕೆಲಸ ನೋಡಲೆಂದೇ ಶೆಡ್ಡಿಗೆ ಬಂದಳು. ಪೆನ್ನು ಬರೆಯುವುದನ್ನು ಬಹಳ ಹೊತ್ತು ನೋಡಿದಳು.

"ಇದೇನ್ ಮೇಡಮ್ಮ, ಜಿರಲೆ ಕಾಗ್ದ ತಿಂದಂಗೆ ಸದ್ದು! ಇದನ್ನ ಕೇಳಕ್ಕೆ ಬೆಂಗ್ಳೂರಿಂದ ಬಂದ್ಬುಟ್ಯಾ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಕ್ಷತ್ರಗಳು ಹುಟ್ಟುವ ಜಾಗಗಳಿವೆ. ಅನಿಲ ಮತ್ತು ಧೂಳಿನ ಕಪ್ಪು ಮೋಡಗಳು. ದುರ್ಬೀನಿಗೆ ಅವುಗಳ ಒಳಗೇನೂ ಕಾಣುವುದಿಲ್ಲ, ಬರೀ ಕತ್ತಲೆ. ಆದರೆ ಒಳಗಿರುವ ಅಣುಗಳಲ್ಲಿ ಒಂದೊಂದು ಜಾತಿಯೂ ತನ್ನದೇ ಆದ ಒಂದು ಶ್ರುತಿಯಲ್ಲಿ ರೇಡಿಯೋ ಅಲೆ ಹೊರಡಿಸುತ್ತದೆ. ನಾವು ಹುಡುಕುತ್ತಿದ್ದುದು ಹೈಡ್ರಾಕ್ಸಿಲ್: ಒಂದು ಆಮ್ಲಜನಕ, ಒಂದು ಜಲಜನಕ. ನೀರಾಗಲು ಇನ್ನೊಂದು ಜಲಜನಕ ಕಡಿಮೆ. ಅದು ಇದ್ದರೆ, ಹೊರಗಿನ ಬಾಣಲೆಯಂಥ ಡಿಶ್ಶು ಹಿಡಿದ ಅಲೆಗಳಲ್ಲಿ, ಹದಿನೆಂಟು ಸೆಂಟಿಮೀಟರ್ ಉದ್ದದ ಅಲೆಯ ಆಸುಪಾಸಿನಲ್ಲಿ ಪೆನ್ನು ಒಂದು ಸಣ್ಣ ಶಿಖರ ಎಬ್ಬಿಸುತ್ತದೆ. ಅದಕ್ಕೇ ನಾವು 'ಗೆರೆ' ಅನ್ನುವುದು.

"ಅಂಗಾದ್ರೆ ಅದು ಅರೆನೀರು," ಎಂದಳು ಗೌರಮ್ಮ. "ನಮ್ಮ ಬಾವಿನಾಗಿರೋದೂ ಅದೇಯ."

ಸುತ್ತ ಬಂಡೆಗಳ ಗೋಡೆಯಿದ್ದುದರಿಂದ ಪೇಟೆಯ ರೇಡಿಯೋ ಗದ್ದಲ ಒಳಗೆ ಬರುವುದಿಲ್ಲವೆಂದೇ ಆ ತಗ್ಗನ್ನು ಆರಿಸಿದ್ದು. ಗೋಡೆಗೆ ಒಂದೇ ಕಡೆ ಸೀಳು, ಆಗ್ನೇಯಕ್ಕೆ. ಆ ದಿಕ್ಕಿನಲ್ಲೇ ಕೊಡಿಗೇನಹಳ್ಳಿ. ಆ ರೇಡಿಯೋ ದೂರದರ್ಶಕದ ಸ್ಟೇಷನ್ನಿನಲ್ಲಿ ನಾವು ಇಬ್ಬರೇ ಇದ್ದದ್ದು. ಚಾರ್ಟ್ ಓದಿ ವರದಿ ಬರೆಯುವ ನಾನು. ಯಂತ್ರ ನಡೆಸುವ ತಿಪ್ಪೇಸ್ವಾಮಿ, ಪಾವಗಡದ ಕಡೆಯವನು, ಎಸ್ಸೆಸ್ಸೆಲ್ಸಿ ಓದಿದ್ದವನು. ಚೀಫ್ ಬೆಂಗಳೂರಿನಲ್ಲಿರುತ್ತಿದ್ದರು, ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಸಹಿ ಹಾಕಿ ಹೋಗುತ್ತಿದ್ದರು. ತಿಪ್ಪೇಸ್ವಾಮಿ ದಿನಾ ಒಂದು ಉದ್ದನೆಯ ಪುಸ್ತಕದಲ್ಲಿ ಕನ್ನಡದಲ್ಲಿ ಏನೋ ಬರೆದಿಡುತ್ತಿದ್ದ. ಅದು ಡೀಸೆಲ್, ಹವೆ, ಫ್ಯೂಸಿನ ಲೆಕ್ಕ ಎಂದುಕೊಂಡಿದ್ದೆ. ನನಗೆ ಅಚ್ಚಿನ ಕನ್ನಡವೇ ತಡವರಿಸಿ ಬರುತ್ತಿತ್ತು, ಅವನ ಒಂದಕ್ಕೊಂದು ಅಂಟಿಸಿ ಬರೆದ ಕೂಡಕ್ಷರ ಎಲ್ಲಿ? ಅದಕ್ಕಿಂತ ನಿಜ ಹೇಳಬೇಕೆಂದರೆ, ಅವನು ಬರೆದದ್ದನ್ನು ಓದಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.

ಇನ್ನು ಬಾಷಾ ಸಾಬರು. ಬಸ್ ಸ್ಟಾಪಿನ ಪಕ್ಕದ ಪಂಚಾಯ್ತಿ ಮಳಿಗೆಯಲ್ಲಿ ಅವರ ರೇಡಿಯೋ ಅಂಗಡಿ. ಊರು ಸಿರಾ. ಹೊಳವನಹಳ್ಳಿಯಿಂದಲೂ ಜನ ಕಂಕುಳಲ್ಲಿ ಮಗುವಿನಂತೆ ರೇಡಿಯೋ ಎತ್ತಿಕೊಂಡು ಬರುತ್ತಿದ್ದರು. ಬ್ಯಾಟರಿಯನ್ನು ನಾಲಗೆಗೆ ಮುಟ್ಟಿಸಿ, "ಇದರ ಖಾರ ಹೋಗೈತೆ" ಎನ್ನುತ್ತಿದ್ದರು. ನಮ್ಮ ಪೆನ್ನಿನ ಯಂತ್ರದ ಮೋಟಾರು ಸುಟ್ಟಾಗ, ಬೆಂಗಳೂರಿನಿಂದ ಬಿಡಿಭಾಗಕ್ಕೆ ಆರು ವಾರ ಕಾಯಿರಿ ಎಂದರು. ಬಾಷಾ ಸಾಬರು ಎರಡು ದಿನದಲ್ಲಿ ತಂತಿ ಸುತ್ತಿಕೊಟ್ಟರು. ನನ್ನ ಕೋಣೆಯ ಮೇಲೆ ಏರಿಯಲ್ ಕಟ್ಟಿ, ಇಂಗ್ಲಿಷ್ ವಾರ್ತೆ ಕೇಳುವಂತೆ ಮಾಡಿದ್ದೂ ಅವರೇ. ಆ ಊರಿನಲ್ಲಿ ನನ್ನ ಒಂಟಿತನ ಏನೆಂದು ಕೇಳದೆ ತಿಳಿದುಕೊಂಡ ಒಬ್ಬರೇ ಮನುಷ್ಯ.

ಪ್ರತಿಯಾಗಿ ಅವರು ಕೇಳಿದ್ದು ನನ್ನ ಅಕ್ಷರ. ಬಿಡಿಭಾಗಗಳ ರಟ್ಟಿನ ಪೆಟ್ಟಿಗೆಗಳ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದುಕೊಡಬೇಕಂತೆ. ಬರೆದೆ. ಕಂಡೆನ್ಸರ್, ವಾಲ್ವ್, ಸ್ಪೀಕರ್. ಸುಟ್ಟುಹೋದ ವಾಲ್ವುಗಳನ್ನು, ರೇಡಿಯೋದೊಳಗಿನ ಆ ಗಾಜಿನ ಬುರುಡೆಗಳನ್ನು, ಅವರು ಎಸೆಯುತ್ತಿರಲಿಲ್ಲ. ಅವಕ್ಕೂ ಒಂದು ಪೆಟ್ಟಿಗೆ.

"ಇದರ ಮೇಲೆ ಏನು ಬರೆಯಲಿ ಸಾಬ್ರೇ?"

"ಸತ್ತೋದವು ಅಂತ ಬರೀರಿ."

'ಡೆಡ್' ಎಂದು ಬರೆದೆ, ಕೊನೆಯ ಅಕ್ಷರದ ಕೆಳಗೆ ಒಂದು ಬಳ್ಳಿ ಎಳೆದು. ಸಿಸ್ಟರ್ ಕಲಿಸಿದ ಬಳ್ಳಿ. "ಎಷ್ಟು ಚೆಂದ ಸಾಯಿಸಿದ್ರಿ ಮೇಡಮ್ಮ!" ಎಂದು ನಕ್ಕರು.

ಎರಡನೆಯ ವರ್ಷದ ಆಗಸ್ಟಿನಲ್ಲಿ ಗೆರೆ ಬಂತು. ವೃಶ್ಚಿಕ ರಾಶಿಯ ಬಾಲದ ಹತ್ತಿರದ ಒಂದು ಮೋಡ. ಆ ದಿನಗಳಲ್ಲಿ ಅದು ಮಧ್ಯಾಹ್ನ ಎರಡರ ಸುಮಾರಿಗೆ ಆಗ್ನೇಯದ ಸೀಳಿನಲ್ಲಿ ಹುಟ್ಟುತ್ತಿತ್ತು; ರೇಡಿಯೋ ಅಲೆಗೆ ಹಗಲೂ ಒಂದೇ, ಇರುಳೂ ಒಂದೇ. ಹುಟ್ಟಿದ ಮೇಲಿನ ಒಂದು ಗಂಟೆ ನಮ್ಮ ಪಾಲು. ಆಮೇಲೆ ಡಿಶ್ಶನ್ನು ಚೀಫ್ ಹೇಳಿದ ಬೇರೆ ಕೆಲಸಕ್ಕೆ ತಿರುಗಿಸಬೇಕು. ಶಿಖರ ಸಣ್ಣದು, ಆದರೆ ಚೂಪು. ದಿನವೂ ಬಂತು. ಆ ಮೋಡದಲ್ಲಿ ಅದುವರೆಗೆ ಯಾರೂ ಹೈಡ್ರಾಕ್ಸಿಲ್ ಕಂಡಿರಲಿಲ್ಲ.

ಆದರೆ ಒಂದು ಪರೀಕ್ಷೆ ಇದೆ. ಭೂಮಿ ಸೂರ್ಯನ ಸುತ್ತ ಓಡುತ್ತದೆ. ರೈಲು ಹತ್ತಿರ ಬರುವಾಗ ಅದರ ಸೀಟಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಹಾಗೆಯೇ ಆಕಾಶದ ಗೆರೆ ಚಾರ್ಟಿನ ಮೇಲೆ ವಾರದಿಂದ ವಾರಕ್ಕೆ ತುಸು ತುಸು ಸರಿಯಬೇಕು. ನೆಲದ ಮೇಲಿನ ಯಾವುದೋ ಯಂತ್ರದ ಗೆರೆಯಾದರೆ ನಿಂತಲ್ಲೇ ನಿಲ್ಲುತ್ತದೆ. ಒಂಬತ್ತು ವಾರ ಅಳೆದೆ. ನನ್ನ ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಡಿಶ್ಶನ್ನು ಪಕ್ಕಕ್ಕೆ ತಿರುಗಿಸಿದರೆ ಮಾಯ. ಆಗ್ನೇಯಕ್ಕೆ ಏನಿದೆ? ಊರು. ಊರಿನಲ್ಲಿ ಅಲೆ ಹೊರಡಿಸುವಂಥದ್ದು ಏನಿದೆ? ಬಾಷಾ ಸಾಬರ ಮೇಜಿನ ಮೇಲೆ, ರೇಡಿಯೋಗಳ ಶ್ರುತಿ ಕೂಡಿಸಲು ಅವರೇ ಕಟ್ಟಿದ ಕೆಂಪು ದೀಪದ ಒಂದು ಪೆಟ್ಟಿಗೆ. ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದ್ದರು.

ಒಂದು ಗಂಟೆ ಅದನ್ನು ಆರಿಸಿಡಿ ಸಾಬ್ರೇ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಸ್ನೇಹ ಬೇರೆ, ಸೈನ್ಸ್ ಬೇರೆ ಎಂಬ ಒಂದು ಜಂಬ ನನ್ನಲ್ಲಿತ್ತು. ಎರಡು ಪುಟದ ವರದಿ ಕೈಬರಹದಲ್ಲಿ ಬರೆದೆ. ಅದರಲ್ಲಿ 'ಅನ್‌ಅಥರೈಸ್ಡ್ ಟ್ರಾನ್ಸ್‌ಮಿಟಿಂಗ್ ಅಪರೇಟಸ್' ಎಂಬ ಮಾತಿತ್ತು. ಕೇಳಲು ಗಂಭೀರವಾಗಿದೆ ಎಂದು ಹಾಕಿದ್ದೆ. ಚೀಫ್ ಸಹಿ ಮಾಡಿ ಪಂಚಾಯ್ತಿಗೂ ಪೊಲೀಸಿಗೂ ಕಳಿಸಿದರು.

ಒಂದು ಭಾನುವಾರ ಬೆಳಿಗ್ಗೆ ಬಾಷಾ ಸಾಬರು ಗೌರಮ್ಮನ ಜಗುಲಿಗೆ ಬಂದರು. ಕೈಯಲ್ಲಿ ಲಕೋಟೆ.

"ಮೇಡಮ್ಮ, ಪಂಚಾಯ್ತಿಯಿಂದ ಕಾಗ್ದ ಬಂದೈತೆ. ಇಂಗ್ಲೀಷು. ಇಷ್ಟು ಓದಿ ಹೇಳಿ."

ಮೇಲಿನ ಹಾಳೆ ಟೈಪ್ ಮಾಡಿದ್ದು. ಹದಿನೈದು ದಿನದೊಳಗೆ ಮಳಿಗೆ ಖಾಲಿ ಮಾಡಬೇಕು. ಹೇಳಿದೆ.

"ಯಾಕಂತೆ?"

"ಅಡ್ಡಿಯಾಗುತ್ತಿದೆಯಂತೆ."

"ಯಾರಿಗೆ?"

"ನಕ್ಷತ್ರಗಳಿಗೆ," ಎಂದೆ. ಬೇರೆ ಕನ್ನಡ ತೋಚಲಿಲ್ಲ.

ಒಳಗಿನಿಂದ ಗೌರಮ್ಮ ನಕ್ಕಳು. "ಈವಯ್ಯ ಬಸ್ಸಿಗೇ ಅಡ್ಡ ನಿಂತೋನಲ್ಲ, ನಕ್ಷತ್ರಕ್ಕೆ ಅಡ್ಡ ಬಂದ್ನಾ?"

ಬಾಷಾ ಸಾಬರು ನಗಲಿಲ್ಲ. ಹಾಳೆ ತಿರುಗಿಸಿದ್ದರು. ಕೆಳಗೆ ಲಗತ್ತಿಸಿದ್ದ ನನ್ನ ವರದಿಯ ಕಾರ್ಬನ್ ನಕಲು. ಅವರಿಗೆ ಇಂಗ್ಲಿಷ್ ಬರದು. ಆದರೆ ದಿನಾ ಬೆಳಗಾದರೆ ನೋಡುವ ಅಕ್ಷರ ಗೊತ್ತು. ಕೊನೆಯ ಸಾಲಿನ ಬಳ್ಳಿಯ ಮೇಲೆ ಬೆರಳಿಟ್ಟರು. ನನ್ನ ಮುಖ ನೋಡಿದರು.

"ಅಕ್ಸರ ಚೆಂದ ಐತೆ ಮೇಡಮ್ಮ," ಎಂದು ಕಾಗದ ಮಡಚಿಕೊಂಡು ಹೋದರು.

ಪೊಲೀಸರು ಕೆಂಪು ದೀಪದ ಪೆಟ್ಟಿಗೆ ಹೊತ್ತೊಯ್ದರು. ಸಾಬರ ಅಂಗಡಿಯಲ್ಲಿ ಕಳ್ಳ ವೈರ್‌ಲೆಸ್ ಸಿಕ್ಕಿತಂತೆ, ಗಡಿಯಾಚೆಗೆ ಮಾತಾಡುತ್ತಿದ್ದನಂತೆ ಎಂಬ ಮಾತು ವಾರದೊಳಗೆ ಮಧುಗಿರಿ ಮುಟ್ಟಿ, ಇನ್ನಷ್ಟು ದಪ್ಪವಾಗಿ ಹಿಂದಿರುಗಿತು. ಅವರು ಸಿರಾಕ್ಕೆ ಹೋದರು. ಅಷ್ಟರಲ್ಲಿ ಸೂರ್ಯ ಆ ಮೋಡದ ಹತ್ತಿರ ಸರಿದಿದ್ದರಿಂದ ನಮ್ಮ ಅವಲೋಕನ ನಿಂತಿತು. ಮುಂದಿನ ವರ್ಷ ಚೀಫ್ ಡಿಶ್ಶನ್ನು ಪೂರ್ತಿ ಬೇರೆ ಕೆಲಸಕ್ಕೆ ಹಚ್ಚಿದರು. ಅಂಗಡಿ ಹೋದ ಮೇಲೆ ಗೆರೆಯೂ ಹೋಯಿತೇ ಎಂದು ಯಾರೂ ನೋಡಲಿಲ್ಲ.

ಗೌರಮ್ಮ ಊಟ ಹಾಕುವುದು ನಿಲ್ಲಿಸಲಿಲ್ಲ. ಮಾತು ಮಾತ್ರ ಕಡಿಮೆ ಮಾಡಿದಳು. ಒಮ್ಮೆ ತನ್ನ ರೇಡಿಯೋ ತಂದು ನನ್ನ ಮುಂದೆ ಇಟ್ಟಳು. "ಇದು ಕೆಟ್ಟೋಗದೆ ಕಣಮ್ಮ. ಮಾಡೋನ್ನ ಓಡಿಸ್ಬುಟ್ರಿ. ನೀನೇ ಮಾಡ್ಕೊಡು." ಅದು ನಾನು ಊರು ಬಿಡುವವರೆಗೂ ನನ್ನ ಗವಾಕ್ಷಿಯ ಕೆಳಗೆ ಮೂಕವಾಗಿ ಕೂತಿತ್ತು.

ಆ ಮೌನದಲ್ಲಿ ನಾನು ಕನ್ನಡ ಕಲಿತೆ. ಮಾಡಲು ಬೇರೇನಿತ್ತು? ನಾಗಲಮಡಿಕೆಗೆ ಕೊಟ್ಟಿದ್ದ ಮಗಳ ಪತ್ರಗಳನ್ನು ಗೌರಮ್ಮನಿಗೆ ಓದಿ ಹೇಳುವಷ್ಟಾದೆ; ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಕೂಡಕ್ಷರ. ಇದನ್ನು ನನ್ನ ದೊಡ್ಡ ಗೆಲುವೆಂದು ತಾಯಿಗೆ ಬರೆದೆ. ಈ ಗೆಲುವೇ ನನ್ನನ್ನು ತಿನ್ನಲಿದೆ ಎಂದು ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಬಂದ ಒಂದು ಜರ್ನಲ್ ಬಿಡಿಸಿದೆ. ದಕ್ಷಿಣಾರ್ಧಗೋಳದ ಒಂದು ದೂರದರ್ಶಕದವರು, ವೃಶ್ಚಿಕದ ಬಾಲದ ಅದೇ ಮೋಡದಲ್ಲಿ, ಹೈಡ್ರಾಕ್ಸಿಲ್ ಕಂಡಿದ್ದರು. ಅವರ ಚಿತ್ರದಲ್ಲಿದ್ದದ್ದು ನನ್ನ ಶಿಖರವೇ. ಅದೇ ಜಾಗ, ಅದೇ ಚೂಪು. ನಾನು ಶೆಡ್ಡಿಗೆ ಓಡಿ, ಜೀವನದಲ್ಲಿ ಮೊದಲ ಸಲ, ತಿಪ್ಪೇಸ್ವಾಮಿಯ ಪುಸ್ತಕ ತೆರೆದೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಪ್ರತಿ ದಿನದ ಕೆಳಗೂ ಒಂದು ಸಾಲು: 'ಭೂಮಿ ಓಡಾಟ ಕಳೆದಿದೆ.'

"ಇದೇನು ತಿಪ್ಪೇಸ್ವಾಮಿ?"

"ಅದೇ ಮೇಡಂ, ಟೇಬಲ್ ನೋಡ್ಕೊಂಡು ಭೂಮಿ ಓಡೋ ಲೆಕ್ಕಾನ ಮೊದ್ಲೇ ಕಳ್ದು ಟ್ಯೂನ್ ಮಾಡ್ತಿದ್ನಲ್ಲ. ನಿಮಗಿಂತ ಮುಂಚೆ ಇದ್ದ ಸಾರು ಹೇಳ್ಕೊಟ್ಟು ಹೋಗಿದ್ರು."

"ನನಗೇಕೆ ಹೇಳಲಿಲ್ಲ?"

"ದಿನಾ ಬರ್ದಿವ್ನಲ್ಲಾ!" ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಅಯ್ಯೋ ರಾಮಾ, ಓದ್ಲೇ ಇಲ್ವಾ ಮೇಡಂ?"

ಅರ್ಥವಾಯಿತಲ್ಲ? ಭೂಮಿಯ ಓಟವನ್ನು ಅವನು ದಿನವೂ ಕಳೆದುಬಿಡುತ್ತಿದ್ದರಿಂದ, ಆಕಾಶದ ಗೆರೆ ನಿಂತಲ್ಲೇ ನಿಲ್ಲಬೇಕು, ಸರಿಯಬೇಕಾದ್ದು ನೆಲದ ಗೆರೆ. ನಿಂತಿದೆ ಎಂಬ ಕಾರಣಕ್ಕೇ ನಾನು ಅದನ್ನು ಅಂಗಡಿಯ ಮೇಲೆ ಹೊರಿಸಿದ್ದೆ.

ಅದಾದರೂ ಕಷ್ಟದ ಲೆಕ್ಕ, ತಪ್ಪಬಹುದು. ಇನ್ನೊಂದಕ್ಕೆ ಲೆಕ್ಕವೇ ಬೇಕಿರಲಿಲ್ಲ. ಬಾಷಾ ಸಾಬರು ಶುಕ್ರವಾರ ಅಂಗಡಿ ತೆರೆಯುತ್ತಿರಲಿಲ್ಲ. ಬೆಳಿಗ್ಗೆಯೇ ಎಲ್ಲ ಆರಿಸಿ, ಬೀಗ ಹಾಕಿ, ನಮಾಜಿಗೂ ತಾಯಿಯನ್ನು ನೋಡಲಿಕ್ಕೂ ಸಿರಾಕ್ಕೆ ಹೋಗುತ್ತಿದ್ದರು. ಊರಿನ ನಾಯಿಗೂ ಗೊತ್ತಿತ್ತು. ನನಗೂ. ಅವರ ತಾಯಿಯ ಕೆಮ್ಮಿಗೆಂದು ಎಷ್ಟೋ ಗುರುವಾರ ಬೆಂಗಳೂರಿನ ಸಿರಪ್ಪು ಕೊಟ್ಟು ಕಳಿಸಿದ್ದೆ. ಒಂಬತ್ತು ಶುಕ್ರವಾರಗಳ ಚಾರ್ಟನ್ನು ನೆಲದ ಮೇಲೆ ಹಾಸಿದೆ. ಒಂಬತ್ತರಲ್ಲೂ ಗೆರೆ.

ಚೀಫ್ ತಾಳ್ಮೆಯಿಂದ ಕೇಳಿಸಿಕೊಂಡರು. "ನಾವು ಏನನ್ನೂ ಪಬ್ಲಿಷ್ ಮಾಡಿಲ್ಲವಲ್ಲ, ವಾಪಸ್ ತೆಗೆದುಕೊಳ್ಳೋಕೆ ಏನಿದೆ?" ಎಂದರು. ಕಾಫಿ ತರಿಸಿಕೊಟ್ಟರು.

ಆ ವಾರವೇ ಸಿರಾಕ್ಕೆ ಹೊರಟೆ. ಬಾಷಾ ಸಾಬರು ಒಂದು ಗಲ್ಲಿಯಲ್ಲಿ, ಗೋಣಿತಾಟು ಹಾಸಿಕೊಂಡು, ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದರು. ರೇಡಿಯೋ ಒಂದೂ ಇರಲಿಲ್ಲ. ಗೋಡೆಯ ಬದಿಗೆ ನಾನು ಹೆಸರು ಬರೆದಿದ್ದ ರಟ್ಟಿನ ಪೆಟ್ಟಿಗೆಗಳು. ಒಳಗೆ ಈಗ ವಾಷರು, ಬತ್ತಿ, ಪಿನ್ನು.

"ಬರ್ರಿ ಮೇಡಮ್ಮ. ಚಾ ಕುಡೀತೀರಾ?"

ಕುಡಿಯಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವರು ಪಿನ್ನಿನಿಂದ ಸ್ಟವ್ವಿನ ಬಾಯಿ ಚುಚ್ಚುತ್ತ ಕೇಳಿದರು.

"ಅಂದ್ರೆ ಅದು ಮ್ಯಾಲಿಂದೇ?"

"ಮೇಲಿನದೇ."

"ಈಗ ಯಾರ ಹೆಸರಾಗೈತೆ?"

"ಬೇರೆ ದೇಶದವರದು."

"ಅಚ್ಛಾ. ನಿಮಗೂ ಇಲ್ಲ, ನನಗೂ ಇಲ್ಲ." ಪಿನ್ನು ಕೆಳಗಿಟ್ಟರು. "ನಂದೊಂದು ಕೆಲಸ ಮಾಡ್ರಿ. ನನ್ನ ಪೆಟ್ಟಿಗೇದು ತಪ್ಪಿರಲಿಲ್ಲ ಅಂತ ಬರೆದುಕೊಡ್ರಿ. ಇಲ್ಲಿ ಯಾರೂ ನನ್ನ ಕೈಗೆ ರೇಡಿಯೋ ಕೊಡಲ್ಲ. ತಂದು ಕೊಟ್ಟರೆ ಅದರಾಗೇನೋ ಇಡ್ತೀನಂತೆ."

"ಚೀಫ್ ಅವರನ್ನು ಕೇಳಿ, ಕಳಿಸುತ್ತೇನೆ ಸಾಬ್ರೇ."

"ಮೊದಲ್ನೇದು ಬರೆಯುವಾಗ ಯಾರನ್ನ ಕೇಳಿದ್ರಿ?"

ದನಿ ಏರಿರಲಿಲ್ಲ. ನಾನು ಕೈಚೀಲದಿಂದ ಕಾಗದ ತೆಗೆದು, ಪಕ್ಕದ ಮೆಟ್ಟಿಲ ಮೇಲೆ ಕೂತು ಬರೆದೆ. ಕನ್ನಡದಲ್ಲಿ ಬರೆದೆ. ನೋಡಿ, ನನ್ನ ಪೆದ್ದುತನ ಎಲ್ಲಿಯವರೆಗೆ! ಅದು ಅವರಿಗೆ ಸಂತೋಷ ಕೊಡುತ್ತದೆ ಎಂದುಕೊಂಡಿದ್ದೆ. ಅವರು ಕಾಗದ ಹಿಡಿದು ಅಕ್ಷರಗಳ ಮೇಲೆ ಕಣ್ಣಾಡಿಸಿ ನನಗೇ ಹಿಂದಿರುಗಿಸಿದರು.

"ಕನ್ನಡದಾಗೆ ಬ್ಯಾಡ ಮೇಡಮ್ಮ. ಯಾರು ನಂಬ್ತಾರೆ? ಕಳ್ಳ ಅಂದಿದ್ದು ಇಂಗ್ಲೀಷ್ನಾಗೆ. ಅಲ್ಲ ಅನ್ನೋದೂ ಅದರಾಗೇ ಇರ್ಲಿ. ಆ ಬಾಲ ಎಲ್ಲ ಹಾಕಿ, ಅಷ್ಟೇ ಚೆಂದ."

ಈಗ ನಾನು ಬೆಂಗಳೂರಿನ ಒಂದು ಫ್ಲಾಟಿನಲ್ಲಿದ್ದೇನೆ. ಅಡುಗೆಯವಳ ಹತ್ತಿರ 'ಇಂಗೆ, ಅಂಗೆ' ಎಂದು ಮಾತಾಡಿದರೆ ನನ್ನ ಹಳೆಯ ಸಹಪಾಠಿಗಳು, "ಹೌ ಕ್ವೇಂಟ್!" ಎಂದು ನಗುತ್ತಾರೆ. ಅವರ ಟೇಬಲ್ಲಿನಲ್ಲಿ ನಾನು ಹಳ್ಳಿಯವಳು. ಕೊಡಿಗೇನಹಳ್ಳಿಗೆ ಒಮ್ಮೆ ಹೋಗಿದ್ದೆ. ಗೌರಮ್ಮ ಇರಲಿಲ್ಲ, ಅವಳ ಮೊಮ್ಮಗಳು ಒಳಗೆ ತಿರುಗಿ, "ಯಾರೋ ಬೆಂಗ್ಳೂರ್ ಮೇಡಮ್ಮ ಬಂದವ್ರೆ" ಎಂದು ಕೂಗಿದಳು. ಮುದ್ದೆ ಇವತ್ತಿಗೂ ನುಂಗುತ್ತೇನೆ. ನುಂಗಲು ಕಲಿಸಿದ ಊರಿಗೆ ನಾನು ಕೊಟ್ಟದ್ದು ಆ ಎರಡು ಪುಟ.

ಅವತ್ತು ಮೆಟ್ಟಿಲ ಮೇಲೆ ಮತ್ತೆ ಬರೆದೆ, ಇಂಗ್ಲಿಷಿನಲ್ಲಿ, ಬಳ್ಳಿಗಳ ಸಮೇತ. ಹೆಸರು, ಹುದ್ದೆ, ಸಹಿ. ಬಾಷಾ ಸಾಬರು ಕೈಯನ್ನು ಬಟ್ಟೆಗೆ ಒರೆಸಿಕೊಂಡು ತೆಗೆದುಕೊಂಡರು, ನಾಲ್ಕಾಗಿ ಮಡಚಿದರು. ಗೋಡೆಯ ಬದಿಯಿಂದ ಒಂದು ಪೆಟ್ಟಿಗೆ ಎಳೆದು, ಅದರಲ್ಲಿಟ್ಟು, ಮುಚ್ಚಳ ಹಾಕಿದರು. ಸತ್ತ ವಾಲ್ವುಗಳ ಪೆಟ್ಟಿಗೆ ಅದು. ನನ್ನದೇ ಅಕ್ಷರ ಇನ್ನೂ ಮಾಸಿರಲಿಲ್ಲ.

"ಬಸ್ಸು ಹೋಯ್ತದೆ, ಹೊರಡ್ರಿ," ಎಂದರು.

ಗಲ್ಲಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅವರು ಸ್ಟವ್ವಿಗೆ ಗಾಳಿ ಹೊಡೆದು ಹಚ್ಚಿದ್ದರು. ಉರಿ ನೀಲಿಯಾಗಿ ಹಿಸ್ಸೆನ್ನುತ್ತಿತ್ತು. ಅವರು ಅದನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಹಳೆಯ ಅಭ್ಯಾಸದಂತೆ ತಲೆ ಓರೆ ಮಾಡಿ, ಕಿವಿಗೊಟ್ಟು ಕೂತಿದ್ದರು, ರೇಡಿಯೋದಲ್ಲಿ ಸ್ಟೇಷನ್ ಸಿಗುವವರೆಗೆ ಕಾಯುವವರ ಹಾಗೆ.